ಪಶ್ಚಿಮ ದಂಡೆಯಲ್ಲಿ ಸೂರ್ಯೋದಯ

ಹ್ಯೂಸ್ಟನ್ನಿನಲ್ಲಿ ಮೊಮ್ಮಕ್ಕಳ ಸೇವೆಯಲ್ಲಿ ಆರು ತಿಂಗಳು ಕಳೆಯಲು ಬಂದಿದ್ದ ನಮ್ಮ ನಾಲ್ವರನ್ನು ಮಕ್ಕಳೆಲ್ಲ ಸೇರಿ ಕಾರಿನಲ್ಲಿ ನ್ಯೂ ಆರ್ಲಿಯನ್ಸಿಗೆ ಕರೆತಂದು, ಮರುದಿನ ಬೆಳಗ್ಗೆ ಏಳಕ್ಕೆಲ್ಲ ಜಾಕ್ಸನ್ ಚೌಕದ ಎದುರಿನ ಕೆಫೆ ಡು ಮಾಂಡಿನಲ್ಲಿ ಕೂರಿಸಿ, "ಒಂದು ಗಂಟೆಯಲ್ಲಿ ಬಂದುಬಿಡುತ್ತೇವೆ" ಎಂದು ಹೇಳಿ ಮಾಯವಾದರು.

ಮೇಜಿಗೆ ಬೆನ್ಯೇ ಬಂದಿತು. ಬೆನ್ಯೇ ಎಂದರೆ ಹುದುಗಿಸಿದ ಹಿಟ್ಟನ್ನು ಚೌಕವಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿದ ತಿಂಡಿ. ಅದರ ಮೇಲೆ ಸುರಿಯುವ ಸಕ್ಕರೆಪುಡಿಯು ತಿಂಡಿಗಿಂತಲೂ ಎತ್ತರವಾಗಿ ನಿಂತಿರುತ್ತದೆ. ನಿವೃತ್ತಿಯ ನಂತರ ವಾಸ್ತುವನ್ನು ಹಿಡಿದುಕೊಂಡ, ಅಥವಾ ವಾಸ್ತುವೇ ಹಿಡಿದುಕೊಂಡ, ನಮ್ಮ ಶೇಷಗಿರಿರಾಯರು ಮೊಬೈಲಿನ ದಿಕ್ಸೂಚಿಯನ್ನು ತೆರೆದು, ಕುರ್ಚಿಯನ್ನು ಮೂರು ಬಾರಿ ತಿರುಗಿಸಿ, ಪೂರ್ವಾಭಿಮುಖವಾಗಿ ಕುಳಿತ ಮೇಲೆಯೇ ತಿಂಡಿಗೆ ಕೈಹಾಕಿದರು. ಕಚ್ಚುವಾಗ ಉಸಿರು ಬಿಡಬಾರದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಮರುಕ್ಷಣದಲ್ಲಿ ಅವರ ಕಪ್ಪು ಕೋಟು, ಮೀಸೆ, ಕನ್ನಡಕ ಎಲ್ಲವೂ ವಿಭೂತಿ ಧರಿಸಿದಂತಾದವು.

"ಈಗ ಸೂರ್ಯದರ್ಶನ ಮಾಡೋಣ" ಎಂದು ಅವರು ಕನ್ನಡಕವನ್ನು ಒರೆಸಿಕೊಳ್ಳುತ್ತಾ ಎದ್ದರು. ಕೆಫೆಯ ಹಿಂದಿನ ಮೆಟ್ಟಿಲುಗಳನ್ನು ಹತ್ತಿ ಏರಿಯ ಮೇಲೆ ನಿಂತರೆ ಮಿಸಿಸಿಪ್ಪಿ ಕಾಣಿಸಿತು. ಎದುರು ದಂಡೆಯ ಆಲ್ಜಿಯರ್ಸ್ ಬಡಾವಣೆಯ ಮೇಲೆ ಸೂರ್ಯನು ಆಗಲೇ ಎದ್ದಿದ್ದನು. ರಾಯರು ಕೈಮುಗಿದು, "ಆ ದಂಡೆಯ ಹೆಸರೇನು?" ಎಂದು ಕೇಳಿದರು.

"ಪಶ್ಚಿಮ ದಂಡೆ" ಎಂದರು ಸರೋಜಮ್ಮನವರು. ಅವರು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರಾದ್ದರಿಂದ ಯಾವ ಊರಿಗೂ ಓದಿಕೊಳ್ಳದೆ ಬರುವವರಲ್ಲ.

ರಾಯರ ಕೈಗಳು ಮುಗಿದಲ್ಲಿಯೇ ನಿಂತವು. "ಪಶ್ಚಿಮ ದಂಡೆಯಲ್ಲಿ ಸೂರ್ಯ ಹುಟ್ಟುವುದೆಂದರೇನು, ತಾಯಿ?"

"ನದಿ ಇಲ್ಲಿ ಕೊಕ್ಕೆಯಂತೆ ತಿರುಗುತ್ತದೆ, ರಾಯರೇ. ಒಟ್ಟಾರೆ ಹರಿವನ್ನು ಲೆಕ್ಕ ಹಾಕಿದರೆ ಅದು ಪಶ್ಚಿಮ ದಂಡೆಯೇ. ಈ ತಿರುವಿನಲ್ಲಿ ಮಾತ್ರ ಪೂರ್ವಕ್ಕೆ ಬಿದ್ದಿದೆ. ಆದ್ದರಿಂದಲೇ ಈ ಊರಿನವರು ಉತ್ತರ, ದಕ್ಷಿಣ ಎನ್ನುವುದು ಕಡಿಮೆ. ನದಿಯ ಮೇಲ್ಹರಿವಿನ ಕಡೆ ಅಪ್‌ಟೌನ್, ಕೆಳಹರಿವಿನ ಕಡೆ ಡೌನ್‌ಟೌನ್. ಉಳಿದ ಎರಡು ದಿಕ್ಕುಗಳು ನದಿಯ ಬದಿ ಮತ್ತು ಪಾಂಚರ್‌ಟ್ರೇನ್ ಸರೋವರದ ಬದಿ."

"ಅಷ್ಟದಿಕ್ಪಾಲಕರಲ್ಲಿ ನಾಲ್ವರಿಗೆ ಕೆಲಸವೇ ಇಲ್ಲ, ಉಳಿದ ನಾಲ್ವರಿಗೂ ವರ್ಗಾವಣೆಯಾಗಿದೆ" ಎಂದು ಮುಕುಂದಯ್ಯ ನಕ್ಕರು.

ಸರೋಜಮ್ಮನವರಿಗೆ ಹುರುಪು ಬಂದಿತು. ಈ ಊರಿನಲ್ಲಿ ಒಂದು ಹೆಸರನ್ನೂ ಅಕ್ಷರಶಃ ನಂಬಬಾರದೆಂಬುದು ಅವರ ವಾದ. ನಮ್ಮ ಬೆನ್ನ ಹಿಂದಿರುವ ಫ್ರೆಂಚ್ ಕ್ವಾರ್ಟರನ್ನು ಬಹುಮಟ್ಟಿಗೆ ಕಟ್ಟಿದ್ದು ಸ್ಪೇನಿನ ಆಳ್ವಿಕೆ. 1718ರಲ್ಲಿ ಬಿಯೆನ್‌ವಿಲ್ ಎಂಬ ಫ್ರೆಂಚ್ ಅಧಿಕಾರಿ ಸ್ಥಾಪಿಸಿದ ಊರನ್ನು ಫ್ರಾನ್ಸಿನ ದೊರೆ 1762ರಲ್ಲಿ ಗುಟ್ಟಾಗಿ ಸ್ಪೇನಿಗೆ ಕೊಟ್ಟುಬಿಟ್ಟನು. 1788ರ ಶುಭ ಶುಕ್ರವಾರದಂದು ಸೇನಾ ಖಜಾಂಚಿಯ ಮನೆಯಲ್ಲಿ ಹೊತ್ತಿದ ಬೆಂಕಿ 856 ಕಟ್ಟಡಗಳನ್ನು ನುಂಗಿತು. ಆ ಪವಿತ್ರ ದಿನದಂದು ಚರ್ಚಿನ ಗಂಟೆ ಬಾರಿಸಬಾರದೆಂದು ಪಾದ್ರಿಗಳು ಹಟ ಹಿಡಿದದ್ದರಿಂದ ಜನರಿಗೆ ಎಚ್ಚರಿಕೆಯೇ ಸಿಗಲಿಲ್ಲವೆಂದು ಹೇಳುತ್ತಾರೆ. 1794ರಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದ ಮೇಲೆ ಸ್ಪೇನಿನವರು ಮರದ ಮನೆಗಳನ್ನು ಬಿಡಿಸಿ, ಇಟ್ಟಿಗೆ ಗೋಡೆ, ಹೆಂಚಿನ ಮಾಡು, ಒಳಗೊಂದು ಅಂಗಳ ಎಂಬ ಪದ್ಧತಿಯನ್ನು ತಂದರು.

"ಮನೆಯ ನಡುವೆ ಅಂಗಳವಿದ್ದರೆ ಬ್ರಹ್ಮಸ್ಥಾನ ತೆರೆದಿದೆ ಎಂದರ್ಥ" ಎಂದು ರಾಯರಿಗೆ ಸ್ವಲ್ಪ ಜೀವ ಬಂದಿತು.

"ಕೇಳಿ, ಇನ್ನೂ ಇದೆ. 1803ರ ನವೆಂಬರ್ 30ರಂದು ಸ್ಪೇನು ಊರನ್ನು ಫ್ರಾನ್ಸಿಗೆ ಮರಳಿ ಒಪ್ಪಿಸಿತು. ಇಪ್ಪತ್ತೇ ದಿನಗಳಲ್ಲಿ ಫ್ರಾನ್ಸು ಅದನ್ನು ಅಮೆರಿಕಕ್ಕೆ ಒಪ್ಪಿಸಿತು. ಅಮೆರಿಕದವರು ಮೊದಲು ಕೇಳಲು ಹೋದದ್ದು ಈ ಬಂದರು ಮತ್ತು ಸುತ್ತಲಿನ ಸ್ವಲ್ಪ ನೆಲವನ್ನು ಮಾತ್ರ. ಯುದ್ಧಕ್ಕೆ ಹಣ ಬೇಕಾಗಿದ್ದ ನೆಪೋಲಿಯನ್ ಇಡೀ ಲೂಯಿಸಿಯಾನವನ್ನೇ ಒಂದೂವರೆ ಕೋಟಿ ಡಾಲರಿಗೆ ಮಾರಿದನು."

"ಎಳನೀರು ಕುಡಿಯಲು ಹೋದವನಿಗೆ ತೋಟವನ್ನೇ ಕ್ರಯ ಮಾಡಿಕೊಟ್ಟ ಹಾಗಾಯಿತು. ಋಣಭಾರ ಪತ್ರ ತೆಗೆಸಿದ್ದರೋ ಇಲ್ಲವೋ!" ಎಂದು ನಾನು ಹೇಳಿದೆ.

ಹೀಗೆಯೇ, ಕೆನಾಲ್ ಸ್ಟ್ರೀಟಿನಲ್ಲಿ ಯೋಜಿಸಿದ ಕಾಲುವೆಯನ್ನು ಯಾರೂ ತೋಡಲಿಲ್ಲ. ಬೂರ್ಬನ್ ಸ್ಟ್ರೀಟಿನ ಹೆಸರು ರಾಜವಂಶದ್ದು, ಮದ್ಯದ್ದಲ್ಲ. ನಮ್ಮ ಮಕ್ಕಳು ರಾಜವಂಶದ ಅಧ್ಯಯನಕ್ಕಾಗಿಯೇ ಅಲ್ಲಿಗೆ ಹೋಗಿದ್ದರೆಂದು ನಂಬೋಣ. ಚೌಕದಲ್ಲಿ ಕುದುರೆಯ ಮೇಲೆ ಕುಳಿತಿರುವ ಜಾಕ್ಸನ್ 1815ರ ಜನವರಿ 8ರಂದು ಬ್ರಿಟಿಷರನ್ನು ಸೋಲಿಸಿದ ಯುದ್ಧವು, ಎರಡು ದೇಶಗಳ ಪ್ರತಿನಿಧಿಗಳು ಸಂಧಿಪತ್ರಕ್ಕೆ ಸಹಿ ಹಾಕಿದ ಹದಿನೈದು ದಿನಗಳ ನಂತರ ನಡೆಯಿತು. ಸುದ್ದಿ ಹಡಗಿನಲ್ಲಿ ಬರಬೇಕಾಗಿದ್ದ ಕಾಲವದು.

"ಹೆಸರು ಏನಾದರೂ ಇರಲಿ, ಉತ್ತರಕ್ಕೆ ಸರೋವರವಿದೆ. ಉತ್ತರದ ಜಲ ಕುಬೇರನ ಕೃಪೆ" ಎಂದು ರಾಯರು ಕೊನೆಯ ಅಸ್ತ್ರವನ್ನು ಬಿಟ್ಟರು.

ಸರೋಜಮ್ಮನವರು ಕೂಡಲೇ ಉತ್ತರ ಕೊಡಲಿಲ್ಲ. "2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದಾಗ, ಅದೇ ಸರೋವರದ ನೀರು ಕಾಲುವೆಗಳೊಳಗೆ ನುಗ್ಗಿ, ಅವುಗಳ ತಡೆಗೋಡೆಗಳು ಒಡೆದವು. ಊರಿನ ಶೇಕಡಾ 80ರಷ್ಟು ಭಾಗ ಮುಳುಗಿತು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಈ ಹಳೆಯ ಕ್ವಾರ್ಟರ್ ಮಾತ್ರ ಹೆಚ್ಚು ನೆನೆಯಲಿಲ್ಲ, ಏಕೆಂದರೆ ನದಿಯೇ ಸಾವಿರಾರು ವರ್ಷ ಹೂಳು ತಂದು ಹಾಕಿ ಈ ದಂಡೆಯನ್ನು ಎತ್ತರಿಸಿತ್ತು. ಜೌಗಿನ ಮೇಲೆ ಬೆಳೆದ ಹೊಸ ಬಡಾವಣೆಗಳಿಂದ ಪಂಪು ಹಚ್ಚಿ ನೀರನ್ನು ತೆಗೆದಷ್ಟೂ ನೆಲ ಒಣಗಿ ಕುಸಿಯಿತು. ಈಗ ಊರಿನ ಸುಮಾರು ಅರ್ಧ ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ."

ರಾಯರು ಮೊಬೈಲನ್ನು ಕೋಟಿನ ಜೇಬಿಗೆ ಇಳಿಸಿದರು. ಕುಬೇರನ ಪರವಾಗಿ ಯಾರೂ ವಾದಿಸಲಿಲ್ಲ.

ಮೌನವನ್ನು ಮುರಿದದ್ದು ಚೌಕದ ಕಡೆಯಿಂದ ಬಂದ ತುತ್ತೂರಿಯ ಸದ್ದು. ಸತ್ತವರನ್ನು ಕೂಡ ಇಲ್ಲಿ ವಾದ್ಯದೊಡನೆಯೇ ಕಳುಹಿಸುತ್ತಾರೆಂದು ಸರೋಜಮ್ಮನವರು ವಿವರಿಸಿದರು: ಸ್ಮಶಾನಕ್ಕೆ ಹೋಗುವಾಗ ನಿಧಾನವಾದ ಶೋಕದ ರಾಗ, ಬೀಳ್ಕೊಟ್ಟ ಮೇಲೆ ಛತ್ರಿ ಬಿಚ್ಚಿ, ಕರವಸ್ತ್ರ ಬೀಸಿ ಕುಣಿತ. ಸಮಾಧಿಗಳೂ ನೆಲದ ಮೇಲೆಯೇ ಪುಟ್ಟ ಮನೆಗಳಂತೆ ಸಾಲಾಗಿ ನಿಂತಿರುತ್ತವೆ. ಒಂದು ವರ್ಷ ಒಂದು ದಿನ ಕಳೆದ ಮೇಲೆ, ಒಳಗಿನ ಮೂಳೆಗಳನ್ನು ಹಿಂದಕ್ಕೆ ಸರಿಸಿ ಅದೇ ಗೂಡಿನಲ್ಲಿ ಕುಟುಂಬದ ಮುಂದಿನವರನ್ನು ಇಡುವ ರೂಢಿಯಿದೆ.

"ನಮ್ಮೂರಿನ ಬಸ್ಸಿನಲ್ಲಿ ಕಂಡಕ್ಟರು ಹೇಳುವುದೂ ಇದನ್ನೇ, ಹಿಂದಕ್ಕೆ ಸರಿಯಿರಿ ಎಂದು" ಎಂದ ಮುಕುಂದಯ್ಯನವರು ಸರೋಜಮ್ಮನವರ ನೋಟಕ್ಕೆ ಹೆದರಿ ಸುಮ್ಮನಾದರು.

ಆ ಕುಣಿತದ ಬೇರು ನಗುವಿನ ವಿಷಯವಲ್ಲ. ಅಂತರ್ಯುದ್ಧಕ್ಕೆ ಮೊದಲು ಮನುಷ್ಯರನ್ನು ಮಾರುವ ದೇಶದ ಅತಿ ದೊಡ್ಡ ಸಂತೆ ಈ ಊರಿನದಾಗಿತ್ತು. ಭಾನುವಾರದ ಮಧ್ಯಾಹ್ನ ಮಾತ್ರ ಬಿಡುವು ಸಿಗುತ್ತಿದ್ದ ಆಫ್ರಿಕನ್ ಗುಲಾಮರು ಈಗ ಕಾಂಗೊ ಸ್ಕ್ವೇರ್ ಎನ್ನುವ ಬಯಲಿನಲ್ಲಿ ಸೇರಿ ಡೋಲು ಬಡಿದು ಕುಣಿಯುತ್ತಿದ್ದರು. 1817ರಲ್ಲಿ ನಗರಾಡಳಿತವು ಅಂಥ ಕೂಟಕ್ಕೆ ಒಂದೇ ಜಾಗವೆಂದು ಕಟ್ಟಳೆ ಮಾಡಿತು. ಮುಂದೆ ಜಾಝ್ ಆಗಿ ಲೋಕವನ್ನು ಸುತ್ತಿದ ಸಂಗೀತಕ್ಕೆ ಆ ತಾಳದ ಋಣವಿದೆ. ಗಂಬೋ ಎಂಬ ಇಲ್ಲಿನ ಸಾರಿನ ಹೆಸರು ಕೂಡ ಬೆಂಡೆಕಾಯಿಗೆ ಆಫ್ರಿಕದವರು ಹೇಳುತ್ತಿದ್ದ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ.

ನಾವು ಮೇಜಿಗೆ ಮರಳಿ ಇನ್ನೊಂದು ಸುತ್ತು ಕಾಫಿ ತರಿಸಿದೆವು. ಮೊದಲ ಗುಟುಕಿಗೇ ಮುಕುಂದಯ್ಯನವರ ಕಣ್ಣಿನಲ್ಲಿ ನೀರಾಡಿತು. ಹಾಸನದಲ್ಲಿ ನಲವತ್ತು ವರ್ಷ ಕಾಫಿಪುಡಿ ಅಂಗಡಿ ನಡೆಸಿ, ಚಿಕೋರಿ ಬೆರೆಸುತ್ತಾನೆಂದು ಗಿರಾಕಿಗಳಿಂದ ಬೈಸಿಕೊಂಡವರು ಅವರು.

"ಇದರಲ್ಲಿ ಚಿಕೋರಿ ಇದೆ! ಮುಚ್ಚುಮರೆಯಿಲ್ಲದೆ, ಹೆಮ್ಮೆಯಿಂದ ಬೆರೆಸಿದ್ದಾರೆ!"

"ಫ್ರೆಂಚರಿಂದ ಬಂದ ಅಭ್ಯಾಸ, ಅಂತರ್ಯುದ್ಧದಲ್ಲಿ ನೌಕಾಪಡೆ ಬಂದರನ್ನು ದಿಗ್ಬಂಧಿಸಿ ಕಾಫಿಗೆ ಬರ ಬಂದಾಗ ಇನ್ನಷ್ಟು ಬೇರೂರಿತು" ಎಂದರು ಸರೋಜಮ್ಮನವರು.

"ಅವರಿಗಾದರೋ ದಿಗ್ಬಂಧನದ ನೆಪವಿತ್ತು. ನಿಮ್ಮ ಅಂಗಡಿಯನ್ನು ಯಾವ ನೌಕಾಪಡೆ ಮುತ್ತಿತ್ತು?" ಎಂದು ರಾಯರು ಬಹಳ ಹೊತ್ತಿನ ನಂತರ ಬಾಯಿಬಿಟ್ಟರು.

ಮುಕುಂದಯ್ಯ ಮಾತು ಬದಲಿಸಿದರು. ಹಿಂದಿನ ದಿನ ಸಂತೆಯಲ್ಲಿ ಆರು ಕಿತ್ತಳೆ ಕೊಂಡಾಗ ಅಜ್ಜಿಯೊಬ್ಬಳು ಏಳನೆಯದನ್ನು ಚೀಲಕ್ಕೆ ಹಾಕಿ "ಲ್ಯಾನ್ಯಾಪ್" ಎಂದಳಂತೆ. ಅದು ಯಾವ ಬೈಗುಳವೋ ಎಂದು ಅವರಿಗೆ ರಾತ್ರಿಯೆಲ್ಲ ಚಿಂತೆ. ಪೆರುವಿನ ಕ್ವೆಚುವಾ ಭಾಷೆಯಿಂದ ಸ್ಪ್ಯಾನಿಷಿಗೆ, ಅಲ್ಲಿಂದ ಇಲ್ಲಿನ ಫ್ರೆಂಚಿಗೆ ಬಂದ ಆ ಪದಕ್ಕೆ ಕನ್ನಡದಲ್ಲಿ ಮೂರೇ ಅಕ್ಷರ: ಕೊಸರು.

ಅಷ್ಟರಲ್ಲಿ ರಾಯರ ಮಗಳ ಕರೆ ಬಂದಿತು. ಕೆನಾಲ್ ಸ್ಟ್ರೀಟಿನ ಅಪ್‌ಟೌನ್ ಬದಿಯಲ್ಲಿ, 1835ರಿಂದಲೂ ಓಡುತ್ತಿರುವ ಸೇಂಟ್ ಚಾರ್ಲ್ಸ್ ಟ್ರಾಮು ಹತ್ತುವ ಮೂಲೆಗೆ ನಾವೇ ಬರಬೇಕಂತೆ. ಎಲ್ಲರೂ ರಾಯರ ಜೇಬನ್ನು ನೋಡಿದೆವು. ಅವರು ಮೊಬೈಲನ್ನು ತೆಗೆಯಲೇ ಇಲ್ಲ. "ನದಿ ಎಡಕ್ಕಿರಲಿ, ಕೆನಾಲ್ ಸ್ಟ್ರೀಟ್ ದಾಟಿ ಸರೋವರದ ಬದಿಗೆ ತಿರುಗೋಣ" ಎಂದು ಮುಂದೆ ನಡೆದರು. ಒಂದು ತಿರುವೂ ತಪ್ಪದೆ ಮೂಲೆ ಸಿಕ್ಕಿತು.

ಟ್ರಾಮಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ರಾಯರು ಹಿಂದಿರುಗಿ ಕೆಫೆಯಿದ್ದ ಕಡೆಗೆ ನೋಡಿ, ಮೀಸೆಯ ಸಕ್ಕರೆಯನ್ನು ಒರೆಸಿಕೊಂಡು, "ಇದು ಕೊಸರು ಎಂದು ಇಟ್ಟುಕೊಳ್ಳಿ: ಆ ಅಡುಗೆಮನೆ ಆಗ್ನೇಯದಲ್ಲಿಲ್ಲ" ಎಂದರು.