ಹಲಗೆಯ ಮೇಲೆ ಸದ್ದಿಲ್ಲದ ಪ್ರೀಆಂಪ್, ಬಾಕ್ಸ್‌ಗೆ ಹಾಕಿದ ಮೇಲೆ ಹಮ್

ತಂತಿಬೆಸುಗೆ:

ಎಲ್ಲರಿಗೂ ನಮಸ್ಕಾರ. ಎನ್‌ಇ5532 (ಎರಡು ಆಪ್‌ಆಂಪ್ ಇರುವ ಆಡಿಯೋ ಐಸಿ) ಹಾಕಿ ಒಂದು ಲೈನ್ ಪ್ರೀಆಂಪ್ (ಪವರ್ ಆಂಪ್‌ಗೆ ಮೊದಲು ಇನ್‌ಪುಟ್ ಆರಿಸಿ, ವಾಲ್ಯೂಮ್ ಹೊಂದಿಸುವ ಘಟ್ಟ) ಕಟ್ಟಿದ್ದೇನೆ. ಪ್ಲೈವುಡ್ ಹಲಗೆಯ ಮೇಲೆ ಹರಡಿಟ್ಟಿದ್ದಾಗ ಸ್ಪೀಕರ್‌ಗೆ ಕಿವಿ ಹಚ್ಚಿದರೂ ಏನೂ ಕೇಳುತ್ತಿರಲಿಲ್ಲ. ಬಾಕ್ಸ್‌ಗೆ ಹಾಕಿ ಮುಚ್ಚಿದ ಮೇಲೆ ಹಮ್ (ಗುಂಯ್ ಎನ್ನುವ ಸದ್ದು) ಶುರುವಾಗಿದೆ.

ಸರ್ಕ್ಯೂಟ್ ಸರಳ. ಮೂರು ಇನ್‌ಪುಟ್, ಸೆಲೆಕ್ಟರ್, ಅಲ್ಲಿಂದ 100 ಕೆ (ಕಿಲೋಓಮ್) ಲಾಗ್ ಡ್ಯುಯಲ್ ಪಾಟ್, ಅಂದರೆ ವಾಲ್ಯೂಮ್ ಕಂಟ್ರೋಲ್. ಪಾಟ್‌ನ ನಡುಗಾಲು ನೇರ ಐಸಿಯ 3 ಮತ್ತು 5ನೇ ಪಿನ್‌ಗೆ. ಫೀಡ್‌ಬ್ಯಾಕ್ 10 ಕೆ, ನೆಲಕ್ಕೆ 1 ಕೆ, ಅಂದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದು) 11. ಔಟ್‌ಪುಟ್‌ಗೆ 10 ಮೈಕ್ರೋಫ್ಯಾರಡ್. ಪವರ್‌ಗೆ 15-0-15, 500 ಮಿಲಿಆಂಪ್‌ನ ಇಐ ಟ್ರಾನ್ಸ್‌ಫಾರ್ಮರ್, ಬ್ರಿಜ್, 2200 ಮೈಕ್ರೋಫ್ಯಾರಡ್ 35 ವೋಲ್ಟ್ ಎರಡು, ಆಮೇಲೆ 7815, 7915 (ಪ್ಲಸ್ 15, ಮೈನಸ್ 15 ವೋಲ್ಟ್ ರೆಗ್ಯುಲೇಟರ್). ರೆಗ್ಯುಲೇಟರ್ ಎರಡನ್ನೂ, ವಿದ್ಯುತ್ ತಾಗದಂತೆ ಮೈಕಾ, ಬುಷ್ ಹಾಕಿ, ತಳದ ತಗಡಿಗೆ ಬೋಲ್ಟ್ ಮಾಡಿದ್ದೇನೆ.

ಬಾಕ್ಸ್ 280 × 200 × 70 ಮಿ.ಮೀ. ಕಪ್ಪು ಆನೊಡೈಸ್ ಮಾಡಿಸಿದ 2 ಮಿ.ಮೀ. ಅಲ್ಯೂಮಿನಿಯಂ ತಗಡು, ಎರಡೂ ಪಕ್ಕಕ್ಕೆ ಹಲಸಿನ ಹಲಗೆ. ಮೇನ್ಸ್ ಸ್ವಿಚ್ ಮುಂದೆ, ವಾಲ್ಯೂಮ್‌ನಿಂದ 4 ಸೆಂ.ಮೀ. ಆಚೆ. ಆರ್‌ಸಿಎ (ಆಡಿಯೋ ಕೇಬಲ್) ಸಾಕೆಟ್‌ಗಳು ಹಿಂದಿನ ಪ್ಯಾನೆಲ್‌ಗೆ ನೇರವಾಗಿ ಕೂತಿವೆ.

ಕಂಡದ್ದು ಇಷ್ಟು. ಸಿಡಿ ಪ್ಲೇಯರ್ ಸೇರಿಸಿ ನಿಲ್ಲಿಸಿಟ್ಟರೆ, ವಾಲ್ಯೂಮ್ ಗುಬುಟು ಮೂರು ಗಂಟೆಯ ಜಾಗಕ್ಕೆ ಬಂದಾಗ ಹಮ್ ಅತಿ ಹೆಚ್ಚು. ಪೂರ್ತಿ ತಿರುಗಿಸಿದರೆ ಕಡಿಮೆಯಾಗುತ್ತದೆ, ಸೊನ್ನೆಯಲ್ಲಿ ಬಹುಪಾಲು ಇಲ್ಲ. ಲೋಹದ ಗುಬುಟು ಮುಟ್ಟಿದರೆ ಸದ್ದು ಬದಲಾಗುತ್ತದೆ. ಇದರ ಜೊತೆ ಪವರ್ ಆಂಪ್‌ಗೆ ಸೇರಿಸಿದಾಗ ಮಾತ್ರ ಇನ್ನೊಂದು ಒರಟು ಝರ್ ಸದ್ದು. ಅದಕ್ಕೂ ವಾಲ್ಯೂಮ್‌ಗೂ ಸಂಬಂಧವಿಲ್ಲ, ಬ್ಯಾಟರಿಯ ಹೆಡ್‌ಫೋನ್ ಆಂಪ್‌ನಲ್ಲಿ ಕೇಳಿದರೆ ಅದು ಇಲ್ಲ. ವಾಲ್ಯೂಮ್ ತಿರುಗಿಸುವಾಗ ಕರಕರ ಬೇರೆ, ಪಾಟ್ ಹೊಸದು.

ಎಲ್ಲಿಂದ ಹಿಡಿಯಲಿ?

ಸ್ಟಾರ್‌ಗ್ರೌಂಡ್:

ನಿಮ್ಮ ವಿವರಣೆಯಲ್ಲೇ ಅರ್ಧ ಉತ್ತರವಿದೆ. ಇದು ಒಂದು ರೋಗವಲ್ಲ, ಮೂರು. ಒಂದನ್ನು ಸರಿಮಾಡಿ ಹಮ್ ಹೋಗಲಿಲ್ಲ ಅಂತ ಮತ್ತೆ ಬಿಚ್ಚಬೇಡಿ, ಒಂದೊಂದಾಗಿ ಹೋಗಿ.

ನಡುವೆ ಹೆಚ್ಚಿ, ಎರಡೂ ತುದಿಯಲ್ಲಿ ಇಳಿಯುವ ಹಮ್ ಪಾಟ್‌ನ ನಡುಗಾಲಿನಲ್ಲೇ ಹಿಡಿಯುತ್ತಿದೆ. ಸೊನ್ನೆಯಲ್ಲಿ ನಡುಗಾಲು ನೆಲಕ್ಕೆ ಅಂಟಿರುತ್ತದೆ, ಪೂರ್ತಿ ಏರಿಸಿದಾಗ ಸಿಡಿ ಪ್ಲೇಯರ್‌ನ ಕಡಿಮೆ ರೋಧದ ಔಟ್‌ಪುಟ್‌ಗೆ. ಸಿಗ್ನಲ್ ಅರ್ಧಕ್ಕಿಳಿಯುವ ಜಾಗದಲ್ಲಿ ಮಾತ್ರ 100 ಕೆ ಪಾಟ್ 25 ಕೆ ಆಗಿ ಕಾಣುತ್ತದೆ; ಲಾಗ್ ಪಾಟ್‌ನಲ್ಲಿ ಆ ಜಾಗ ಹೆಚ್ಚುಕಡಿಮೆ ನಿಮ್ಮ ಮೂರು ಗಂಟೆಯೇ. ಅಲ್ಲಿಂದ 4 ಸೆಂ.ಮೀ. ದೂರದಲ್ಲಿ 230 ವೋಲ್ಟ್ ಸ್ವಿಚ್! 25 ಕೆ ಬಿಂದುವಿಗೆ ಅದು ಸಾಕು. 10 ಕೆ ಲಾಗ್ ಪಾಟ್ ಹಾಕಿ, ಅದೇ ಜಾಗ 2.5 ಕೆ ಆಗುತ್ತದೆ. ಹಿಸ್ ಕೂಡ ಇಳಿಯುತ್ತದೆ: 20 ಕಿಲೋಹರ್ಟ್ಸ್ ಅಗಲದಲ್ಲಿ 25 ಕೆ ರೋಧದ ಸ್ವಂತ ನಾಯ್ಸ್ ಸುಮಾರು 2.9 ಮೈಕ್ರೋವೋಲ್ಟ್, 2.5 ಕೆಯದು 0.9. ಒಂದು ಎಚ್ಚರಿಕೆ, ಹಳೇ ವಾಲ್ವ್ ಟ್ಯೂನರ್ ಸೇರಿಸುವ ಆಸೆಯಿದ್ದರೆ 10 ಕೆ ಬೇಡ. ಅದರ ಔಟ್‌ಪುಟ್ ಕೆಪಾಸಿಟರ್ 0.1 ಮೈಕ್ರೋಫ್ಯಾರಡ್ ಇದ್ದರೆ 159 ಹರ್ಟ್ಸ್‌ನ ಕೆಳಗಿನ ಬೇಸ್ ಎಲ್ಲ ಸೋರಿಹೋಗುತ್ತದೆ.

ಗುಬುಟು ಮುಟ್ಟಿದರೆ ಸದ್ದು ಬದಲಾಗುವುದಕ್ಕೆ ಕಾರಣ ಆನೊಡೈಸಿಂಗ್. ಆ ಕಪ್ಪು ಪದರ ವಿದ್ಯುತ್ ಹರಿಯಲು ಬಿಡುವುದಿಲ್ಲ. ಪಾಟ್‌ನ ಲೋಹದ ಮೈ ಪ್ಯಾನೆಲ್‌ಗೆ ಬಿಗಿದಂತೆ ಕಾಣುತ್ತದೆ, ಆದರೆ ತೂಗಾಡುತ್ತಿದೆ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದು ಮುಳ್ಳು ಪಾಟ್‌ನ ಮೈಗೆ, ಇನ್ನೊಂದು ಅರ್ತ್ ಬೋಲ್ಟ್‌ಗೆ ಹಿಡಿಯಿರಿ. ಆಮೇಲೆ ಮುಚ್ಚಳ, ಮುಂದಿನ ಪ್ಯಾನೆಲ್, ಹಿಂದಿನದು, ಎಲ್ಲವನ್ನೂ ನೋಡಿ. ಎಷ್ಟೋ ಬಾಕ್ಸ್‌ಗಳಲ್ಲಿ ಐದು ತಗಡು ಐದು ದ್ವೀಪಗಳಾಗಿರುತ್ತವೆ. ಪಾಟ್ ತೂತಿನ ಸುತ್ತ ಒಳಮೈಯಲ್ಲಿ 2 ಮಿ.ಮೀ. ಅಗಲ, ಬಿಳಿ ಲೋಹ ಹೊಳೆಯುವ ತನಕ ಬ್ಲೇಡಿನಿಂದ ಕೆರೆಯಿರಿ. ಅದರ ಮೇಲೆ ಹಲ್ಲಿರುವ ಸ್ಟಾರ್ ವಾಷರ್. ತಗಡು ಸೇರುವ ಪ್ರತಿ ಮೂಲೆಯಲ್ಲೂ ಒಂದು ಸ್ಕ್ರೂವಿಗಾದರೂ ಇದೇ ಉಪಚಾರ.

ಕರಕರಕ್ಕೆ ಪಾಟ್ ಬೈಯಬೇಡಿ. 5532ರ ಇನ್‌ಪುಟ್ ಬಯಾಸ್ ಕರೆಂಟ್ (ಅದರ ಇನ್‌ಪುಟ್ ಕಾಲಿಗೆ ಸದಾ ಬೇಕಾಗುವ ಸಣ್ಣ ಡಿಸಿ) ಸಾಮಾನ್ಯವಾಗಿ 200 ನ್ಯಾನೊಆಂಪ್, ಅದು ನಿಮ್ಮ ನಡುಗಾಲಿನ ಮೂಲಕ ಹರಿಯುತ್ತಿದೆ. ನಡುಗಾಲಿಗೂ ಐಸಿಗೂ ಮಧ್ಯೆ 2.2 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್, ಐಸಿ ಪಿನ್‌ನಿಂದ ನೆಲಕ್ಕೆ 47 ಕೆ. ಹಾಗೆಯೇ ಗೇನ್ 11 ಯಾಕೆ? ಸಿಡಿ ಪ್ಲೇಯರ್ 2 ವೋಲ್ಟ್ ಕೊಡುತ್ತದೆ, ಹೆಚ್ಚಿನ ಪವರ್ ಆಂಪ್‌ಗಳಿಗೆ ಸುಮಾರು 1 ವೋಲ್ಟ್ ಸಾಕು. ಗೇನ್ ಜಾಸ್ತಿಯಿದ್ದರೆ ಪಾಟನ್ನು ಎಂಟು-ಒಂಬತ್ತು ಗಂಟೆಯ ನಡುವೆಯೇ ಆಡಿಸಬೇಕು, ಅಲ್ಲಿ ಎಡ-ಬಲ ಚಾನೆಲ್‌ಗಳು ಹೊಂದುವುದಿಲ್ಲ. ಫೀಡ್‌ಬ್ಯಾಕ್ 2.2 ಕೆ, ನೆಲಕ್ಕೆ 1 ಕೆ, ಅದರ ಸರಣಿಯಲ್ಲಿ 220 ಮೈಕ್ರೋಫ್ಯಾರಡ್. ಗೇನ್ 3.2. ಐಸಿ ಔಟ್‌ಪುಟ್‌ನಲ್ಲಿ ಮೊದಲು 100 ಓಮ್, ಆಮೇಲೆ ಕೆಪಾಸಿಟರ್, ಕೊನೆಗೆ ನೆಲಕ್ಕೆ 100 ಕೆ. 100 ಓಮ್ ಇಲ್ಲದಿದ್ದರೆ ಉದ್ದ ಕೇಬಲ್‌ನ ಕೆಪಾಸಿಟೆನ್ಸ್‌ಗೆ ಐಸಿ ಆಸಿಲೇಟ್ ಆಗಬಹುದು. 4 ಮತ್ತು 8ನೇ ಪಿನ್‌ಗಳ ನಡುವೆ 100 ನ್ಯಾನೊಫ್ಯಾರಡ್ ಸೆರಾಮಿಕ್ ಇದೆಯಲ್ಲವೇ? ನೀವು ಬರೆದಿಲ್ಲ. ಬೋರ್ಡ್‌ನ ತುದಿಯಲ್ಲಲ್ಲ, ಐಸಿಯ ಕಾಲಿಗೆ ಅಂಟಿದಂತೆ ಇರಬೇಕು.

ಮೈಕಾವಾಷರ್:

ಎರಡನೇ ಝರ್ ಸದ್ದಿನ ಬಗ್ಗೆ ನಾನು ಹೇಳುತ್ತೇನೆ. ಬ್ಯಾಟರಿ ಆಂಪ್‌ನಲ್ಲಿ ಇಲ್ಲ, ಪವರ್ ಆಂಪ್‌ನಲ್ಲಿ ಇದೆ ಅಂದಮೇಲೆ ನಿಮ್ಮ ಪವರ್ ಸಪ್ಲೈ ನಿರಪರಾಧಿ. ಇದು ಗ್ರೌಂಡ್ ಲೂಪ್. ಪ್ರೀಆಂಪ್‌ಗೂ ಮೂರು ಪಿನ್, ಪವರ್ ಆಂಪ್‌ಗೂ ಮೂರು ಪಿನ್. ಗೋಡೆಯ ಅರ್ತ್‌ನಲ್ಲಿ ಒಮ್ಮೆ ಸೇರಿದವು, ಆರ್‌ಸಿಎ ಕೇಬಲ್‌ನ ಶೀಲ್ಡ್‌ನಲ್ಲಿ ಇನ್ನೊಮ್ಮೆ. ಅರ್ತ್ ಪಿನ್ ಕಿತ್ತುಬಿಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಟ್ರಾನ್ಸ್‌ಫಾರ್ಮರ್ ಇನ್ಸುಲೇಶನ್ ಹೋದ ದಿನ ಆ ಲೋಹದ ಗುಬುಟಿಗೆ 230 ವೋಲ್ಟ್ ಬಂದು ಕೂರುತ್ತದೆ.

ಮಾಡಬೇಕಾದ್ದು ಹೀಗೆ. ಮೇನ್ಸ್ ಅರ್ತ್ ವೈರ್ ಸಾಕೆಟ್‌ನಿಂದ ಬಂದ ತಕ್ಷಣ ಅದಕ್ಕೇ ಮೀಸಲಾದ ಎಂ4 ಬೋಲ್ಟ್‌ಗೆ, ಪದರ ಕೆರೆದು, ಸ್ಟಾರ್ ವಾಷರ್, ಎರಡು ನಟ್. ಟ್ರಾನ್ಸ್‌ಫಾರ್ಮರ್ ಕಾಲು ಬಿಗಿಯುವ ಬೋಲ್ಟ್‌ನಲ್ಲೇ ಅರ್ತ್ ಮುಗಿಸಬೇಡಿ. ಆರ್‌ಸಿಎ ಸಾಕೆಟ್ ಎಲ್ಲಕ್ಕೂ ಪ್ಲಾಸ್ಟಿಕ್ ಬುಷ್ ಹಾಕಿ ಪ್ಯಾನೆಲ್‌ನಿಂದ ಬಿಡಿಸಿ. ಆಮೇಲೆ ಸಿಗ್ನಲ್ ಗ್ರೌಂಡ್‌ನಿಂದ ಬಾಕ್ಸ್‌ಗೆ ಒಂದೇ ಒಂದು ದಾರಿ, ಇನ್‌ಪುಟ್ ಸಾಕೆಟ್‌ಗಳ ಹತ್ತಿರ: 10 ಓಮ್ 1 ವಾಟ್, ಅದಕ್ಕೆ ಸಮಾಂತರವಾಗಿ 100 ನ್ಯಾನೊಫ್ಯಾರಡ್, ಮತ್ತು ಒಂದು ಕೆಬಿಪಿಸಿ3510 ಬ್ರಿಜ್. ಬ್ರಿಜ್‌ನ ಪ್ಲಸ್, ಮೈನಸ್ ಒಟ್ಟಿಗೆ ಸೇರಿಸಿ. ಎರಡು ಎಸಿ ಕಾಲುಗಳಲ್ಲಿ ಒಂದು ಸಿಗ್ನಲ್ ಗ್ರೌಂಡ್‌ಗೆ, ಇನ್ನೊಂದು ಬಾಕ್ಸ್‌ಗೆ. ಲೂಪ್‌ನ ಸಣ್ಣ ಕರೆಂಟನ್ನು 10 ಓಮ್ ತಡೆಯುತ್ತದೆ, ದೊಡ್ಡ ಫಾಲ್ಟ್ ಬಂದರೆ ಬ್ರಿಜ್ ಹೊತ್ತುಕೊಳ್ಳುತ್ತದೆ. ಬಾಕ್ಸ್ ಮಾತ್ರ ಯಾವಾಗಲೂ ನೇರ ಅರ್ತ್‌ಗೇ.

ಬಿಚ್ಚಿದಾಗ ಟ್ರಾನ್ಸ್‌ಫಾರ್ಮರ್‌ನ ಸೆಂಟರ್ ಟ್ಯಾಪ್ (15-0-15ರ 0) ವೈರನ್ನೂ ನೋಡಿ. ಅದು ಎರಡು 2200 ಕೆಪಾಸಿಟರ್ ಸೇರುವ ಬಿಂದುವಿಗೆ ಬರಬೇಕು, ಅಲ್ಲಿಂದ ಬೇರೆ ಒಂಟಿ ವೈರ್ ರೆಗ್ಯುಲೇಟರ್ ಕಡೆಗೆ. ಸಿಗ್ನಲ್ ಗ್ರೌಂಡನ್ನು ಸೆಂಟರ್ ಟ್ಯಾಪ್ ವೈರ್‌ನಲ್ಲೇ ಎಲ್ಲೋ ಸಿಕ್ಕಿಸಿದರೆ ಚಾರ್ಜಿಂಗ್ ಕರೆಂಟಿನ ಹೊಡೆತ ಸೆಕೆಂಡಿಗೆ ನೂರು ಸಲ ಅದರೊಳಗೆ ಬೀಳುತ್ತದೆ.

ರೆಗ್ಯುಲೇಟರ್‌ಗಳನ್ನು ತಗಡಿಗೆ ಬಿಗಿಯುವ ಅಗತ್ಯವೇ ಇಲ್ಲ. ಒಂದು 5532 ಕುಡಿಯುವುದು 8 ಮಿಲಿಆಂಪ್ ಆಸುಪಾಸು, ಒಂದೊಂದು ರೆಗ್ಯುಲೇಟರ್‌ನಲ್ಲಿ ಕಾಲು ವಾಟ್ ಕೂಡ ಸುಡುವುದಿಲ್ಲ. ಬೋರ್ಡ್ ಮೇಲೆ ಹಾಗೇ ನಿಲ್ಲಿಸಿ. 7815ರ ಬೆನ್ನಿನ ಲೋಹ ಗ್ರೌಂಡ್, 7915ರದ್ದು ಇನ್‌ಪುಟ್. ಮೈಕಾ ತೂತಾದ ದಿನ ಮೈನಸ್ 20ಕ್ಕೂ ಹೆಚ್ಚು ವೋಲ್ಟ್ ನೇರ ಬಾಕ್ಸ್‌ಗೆ.

ತಂತಿಬೆಸುಗೆ:

ಇಬ್ಬರಿಗೂ ಧನ್ಯವಾದ. ಬೀಪ್ ಪರೀಕ್ಷೆಯಲ್ಲಿ ಮುಚ್ಚಳ, ಮುಂದಿನ ಪ್ಯಾನೆಲ್, ಪಾಟ್‌ನ ಮೈ, ಮೂರೂ ಅರ್ತ್‌ಗೆ ಸೇರಿರಲಿಲ್ಲ. ಕೆರೆದು ಸ್ಟಾರ್ ವಾಷರ್ ಹಾಕಿದೆ, 10 ಕೆ ಪಾಟ್ ಮತ್ತು ನೀವು ಹೇಳಿದ ಬೆಲೆಗಳು, 10 ಓಮ್-ಬ್ರಿಜ್ ಜೋಡಿ ಎಲ್ಲ ಆಯಿತು. 100 ನ್ಯಾನೊಫ್ಯಾರಡ್ ಮೊದಲೇ ಇತ್ತು. ಝರ್ ಇಲ್ಲ, ಕರಕರ ಇಲ್ಲ, ಮೂರು ಗಂಟೆಯ ಹಮ್ ಇಲ್ಲ.

ಆದರೆ ಇನ್‌ಪುಟ್ ಶಾರ್ಟ್ ಮಾಡಿ ವಾಲ್ಯೂಮ್ ಸೊನ್ನೆಯಲ್ಲಿಟ್ಟರೂ ಎಡ ಚಾನೆಲ್‌ನಲ್ಲಿ ಸಣ್ಣಗೆ ಗುಂಯ್ ಉಳಿದಿದೆ. ಟ್ರಾನ್ಸ್‌ಫಾರ್ಮರ್ ಎಡ ಹಿಂಮೂಲೆಯಲ್ಲಿದೆ. ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಹಾಕಲೇ? ಮುಂದಿನ ಪ್ಯಾನೆಲ್ ಹೇಗೂ ಹೊಸದು ಮಾಡಬೇಕು, ಸ್ವಿಚ್ ಹಿಂದಕ್ಕೆ ಹೋಗಲಿ. ತೂತು ಕೊರೆಯುವಾಗ ಹಿಂದಿನ ಸಲ ಅಂಚು ಹರಿದು, ತೂತು ಮೊಟ್ಟೆಯ ಆಕಾರವಾಯಿತು. ಅದಕ್ಕೂ ಸಲಹೆ ಕೊಡಿ.

ತಗಡುಕೆಲಸ:

ಟೊರಾಯ್ಡ್ ಕೊಳ್ಳುವ ಮೊದಲು ಇರುವುದನ್ನೇ ತಿರುಗಿಸಿ ನೋಡಿ. ಬೋಲ್ಟ್ ಬಿಚ್ಚಿ, ವೈರ್ 30 ಸೆಂ.ಮೀ. ಉದ್ದ ಮಾಡಿ, ಬೆಸುಗೆಗಳಿಗೆಲ್ಲ ಸ್ಲೀವ್ ಹಾಕಿ. ಪವರ್ ಆರಿಸಿ ಒಂದು ಭಂಗಿಯಲ್ಲಿಡಿ, ಹಾಕಿ ಕೇಳಿ, ಆರಿಸಿ 90 ಡಿಗ್ರಿ ತಿರುಗಿಸಿ. ಒಂದು ಭಂಗಿಯಲ್ಲಿ ಹಮ್ ಪಾತಾಳಕ್ಕಿಳಿಯುತ್ತದೆ. ದೂರವೂ ಮುಖ್ಯ: ಈ ಕ್ಷೇತ್ರ ಸುಮಾರಾಗಿ ದೂರದ ಘನದ ಲೆಕ್ಕದಲ್ಲಿ ಕುಗ್ಗುತ್ತದೆ, 5 ಸೆಂ.ಮೀ. ಇದ್ದದ್ದು 10 ಆದರೆ ಎಂಟರಲ್ಲಿ ಒಂದು ಪಾಲು. ಅಲ್ಯೂಮಿನಿಯಂ ತಗಡು 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ನಡುವೆ ಗೋಡೆ ಬೇಕಿದ್ದರೆ 1 ಮಿ.ಮೀ. ಕಬ್ಬಿಣದ ತಗಡು.

ಟೊರಾಯ್ಡ್ ಹಾಕಿದರೆ ಒಂದು ಅಪಾಯ ನೆನಪಿಡಿ. ನಡುವಿನ ಬೋಲ್ಟ್ ಕೆಳಗೆ ತಳಕ್ಕೆ ಬಿಗಿದಿರುತ್ತದೆ; ಅದರ ಮೇಲ್ತುದಿ ಮುಚ್ಚಳಕ್ಕೂ ತಾಗಿದರೆ ಬೋಲ್ಟ್, ಮುಚ್ಚಳ, ಪಕ್ಕ, ತಳ ಸೇರಿ ಒಂದು ಸುತ್ತು ಶಾರ್ಟ್ ಆದಂತೆ. ಟ್ರಾನ್ಸ್‌ಫಾರ್ಮರ್ ಸುಮ್ಮನೆ ಬಿಸಿಯಾಗತೊಡಗುತ್ತದೆ, ಮುಚ್ಚಳ ತೆಗೆದರೆ ಸರಿಹೋಗುತ್ತದೆ, ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಬೋಲ್ಟ್‌ನ ತುದಿಗೂ ಮುಚ್ಚಳಕ್ಕೂ 10 ಮಿ.ಮೀ. ಬಿಡಿ.

ಪ್ಯಾನೆಲ್‌ಗೆ 3 ಮಿ.ಮೀ. ತಗಡು ತನ್ನಿ. ಆನೊಡೈಸ್ ಎಲ್ಲ ತೂತು ಮುಗಿದ ಮೇಲೆ. ನಕ್ಷೆಯನ್ನು ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು 100 ಮಿ.ಮೀ. ಗೆರೆ ನಿಜಕ್ಕೂ 100 ಇದೆಯೇ ನೋಡಿ (ಪ್ರಿಂಟರ್ 97ಕ್ಕೆ ಕುಗ್ಗಿಸಿರುತ್ತದೆ, ಗೊತ್ತೇ ಆಗುವುದಿಲ್ಲ), ಗೋಂದು ಹಚ್ಚಿ ಅಂಟಿಸಿ. ಪ್ರತಿ ಕೇಂದ್ರಕ್ಕೆ ಸೆಂಟರ್ ಪಂಚ್. ತಗಡನ್ನು ಹಳೇ ಮರದ ತುಂಡಿನ ಮೇಲಿಟ್ಟು ಕ್ಲಾಂಪ್ ಹಾಕಿ. ಕೆಳಗೆ ಮರವಿಲ್ಲದಿದ್ದರೆ ಬಿಟ್ ಹೊರಬೀಳುವಾಗ ಅಂಚು ಹರಿಯುವುದೇ. ಮೊದಲು 3 ಮಿ.ಮೀ. ತೂತು, ಒಂದು ಹನಿ ಸೀಮೆಎಣ್ಣೆ, ಆಮೇಲೆ ಸ್ಟೆಪ್ ಡ್ರಿಲ್ ನಿಧಾನಕ್ಕೆ. 3ರಿಂದ ನೇರ 10ರ ಬಿಟ್‌ಗೆ ಹಾರಿದರೆ ತೂತು ಮೊಟ್ಟೆಯಾಗುತ್ತದೆ, ನಿಮಗೆ ಆದದ್ದು ಅದೇ. 16 ಮಿ.ಮೀ. ಪಾಟ್‌ನ ಕತ್ತು ಸಾಮಾನ್ಯವಾಗಿ 7 ಮಿ.ಮೀ., ಹಳೇ ದೊಡ್ಡ ಪಾಟ್‌ನದು 10ರ ಹತ್ತಿರ. ಕೈಯಲ್ಲಿರುವುದನ್ನು ಅಳೆದೇ ಕೊರೆಯಿರಿ.

ಮೂಲೆಗಳಿಗೆ 12 ಮಿ.ಮೀ. ಚೌಕದ ಅಲ್ಯೂಮಿನಿಯಂ ಸರಳು, ಅದರಲ್ಲಿ ಎಂ3 ಟ್ಯಾಪ್ (ತೂತಿನೊಳಗೆ ಸ್ಕ್ರೂ ಥ್ರೆಡ್ ಕೊರೆಯುವ ಉಪಕರಣ). ಟ್ಯಾಪ್‌ಗೆ ಮೊದಲು 2.5 ಮಿ.ಮೀ. ತೂತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪುಡಿ ತುಂಬಿಕೊಂಡರೆ ಟ್ಯಾಪ್ ಒಳಗೇ ಮುರಿಯುತ್ತದೆ, ಆಮೇಲೆ ಆ ಸರಳನ್ನು ಎಸೆಯುವುದೊಂದೇ ದಾರಿ. ಅಕ್ಷರಗಳಿಗೆ ನೇಮ್‌ಪ್ಲೇಟ್ ಮಾಡುವ ಅಂಗಡಿಯ ಲೇಸರ್ ಸಾಕು, ಕಪ್ಪು ಆನೊಡೈಸ್ ಮೇಲೆ ಬೆಳ್ಳಗೆ ಮೂಡುತ್ತದೆ, ಉಜ್ಜಿದರೂ ಹೋಗುವುದಿಲ್ಲ.

ಹಲಸು ಒಳ್ಳೆಯ ಆಯ್ಕೆ, ಚೆನ್ನಾಗಿ ಒಣಗಿದ್ದಿದ್ದರೆ. ಹಸಿಯಿದ್ದರೆ ಒಂದು ಬೇಸಿಗೆಯಲ್ಲಿ ಕುಗ್ಗಿ ಮುಚ್ಚಳದ ತೂತುಗಳು ಕೂರುವುದಿಲ್ಲ. ಮರ ಶೀಲ್ಡ್ ಅಲ್ಲ. ಅದರ ಒಳಮೈಗೆ ತಾಮ್ರದ ಟೇಪ್ ಅಂಟಿಸಿ ತಳಕ್ಕೆ ಸೇರಿಸಿ.

ಹಳೇವಾಲ್ವ್:

ಒಂದು ಮಾತು ಸೇರಿಸುತ್ತೇನೆ. ಸ್ವಿಚ್ ಹಿಂದಕ್ಕೆ ಹಾಕುವುದಕ್ಕಿಂತ ಸೆಲೆಕ್ಟರ್ ಮತ್ತು ಪಾಟನ್ನೇ ಹಿಂದಕ್ಕೆ ಒಯ್ಯಿರಿ ಅಂತ ನನ್ನ ಅಭಿಪ್ರಾಯ. ಇನ್‌ಪುಟ್ ಸಾಕೆಟ್ ಪಕ್ಕದಲ್ಲೇ ಒಂದು ಸಣ್ಣ ಬ್ರಾಕೆಟ್‌ಗೆ ಬಿಗಿದು, 6 ಮಿ.ಮೀ. ಸರಳು ಮತ್ತು ಕಪ್ಲರ್‌ನಿಂದ ಮುಂದಿನ ಗುಬುಟಿಗೆ ಸೇರಿಸಿ. ಸಿಗ್ನಲ್ ವೈರ್ 20 ಸೆಂ.ಮೀ. ಬದಲು 4 ಸೆಂ.ಮೀ. ಆಗುತ್ತದೆ, ಶೀಲ್ಡ್ ವೈರ್‌ನ ತಲೆನೋವೇ ಇಲ್ಲ. ಸರಳು ಹಾದುಹೋಗುವ ಪ್ಯಾನೆಲ್ ತೂತಿಗೆ ಬುಷ್ ಬೇಕು, ಇಲ್ಲವಾದರೆ ಗುಬುಟು ಅಲ್ಲಾಡುತ್ತದೆ.

ಇನ್ನು ಐಸಿ. ಮಾರುಕಟ್ಟೆಯಲ್ಲಿ ಬೇರೆ ಐಸಿಯ ಮೇಲೆ 5532 ಅಂತ ಅಚ್ಚು ಹಾಕಿದ ಮಾಲು ಬರುತ್ತದೆ. ಸಾಕೆಟ್‌ನಿಂದ ತೆಗೆದು ಮಲ್ಟಿಮೀಟರ್ ಡಯೋಡ್ ಸ್ಥಾನದಲ್ಲಿ 2 ಮತ್ತು 3ನೇ ಪಿನ್ ನಡುವೆ ನೋಡಿ, ಮುಳ್ಳು ಅದಲುಬದಲು ಮಾಡಿ ಮತ್ತೆ ನೋಡಿ. ನಿಜವಾದ 5532ರೊಳಗೆ ಇನ್‌ಪುಟ್‌ಗಳ ನಡುವೆ ಎದುರುಬದುರು ಡಯೋಡ್‌ಗಳಿವೆ, ಎರಡೂ ದಿಕ್ಕಿಗೆ 0.6 ಅಥವಾ 0.7 ಬರಬೇಕು. 5 ಮತ್ತು 6ರಲ್ಲೂ ಹಾಗೆಯೇ. 4558, ಟಿಎಲ್072ರಲ್ಲಿ ಆ ಡಯೋಡ್‌ಗಳಿಲ್ಲ.

ತಂತಿಬೆಸುಗೆ:

ಟ್ರಾನ್ಸ್‌ಫಾರ್ಮರ್ 90 ಡಿಗ್ರಿ ತಿರುಗಿಸಿ, ಮೂಲೆಗೆ 3 ಸೆಂ.ಮೀ. ಸರಿಸಿದ ಮೇಲೆ ಎಡ ಚಾನೆಲ್ ಬಲದಷ್ಟೇ ಮೌನ. ಟೊರಾಯ್ಡ್ ಬೇಡ. ಐಸಿಯಲ್ಲಿ ಎರಡೂ ದಿಕ್ಕಿಗೆ 0.68 ಬಂತು. ಸರಳಿನ ಉಪಾಯ ಹಿಡಿಸಿತು, ಪ್ಯಾನೆಲ್ ನಕ್ಷೆ ಹಾಗೇ ಬದಲಿಸುತ್ತಿದ್ದೇನೆ. ಸ್ವಿಚ್ ಇದ್ದ ಜಾಗಕ್ಕೆ ಎಲ್‌ಇಡಿ, 15 ವೋಲ್ಟ್‌ನಿಂದ 4.7 ಕೆ ಹಾಕಿ. ಪ್ರಿಂಟ್ ಅಳೆದೆ: 100ರ ಗೆರೆ 96.5 ಇತ್ತು.