ಮನೆ ಕಟ್ಟೋಕೆ ಶುರು ಮಾಡಿದ್ಮೇಲೆ ಮನೇಲಿ ನೆಮ್ಮದೀನೇ ಇಲ್ಲ, ನೀವೆಲ್ಲ ಹೇಗೆ ಸಂಭಾಳಿಸಿದ್ರಿ?

ಲಿಂಟಲ್‌ವರೆಗೆ_ಬಂದ್ವಿ:
ಎಲ್ರಿಗೂ ನಮಸ್ಕಾರ. ನಮ್ಮ ಮನೆ ಕೆಲಸ ಲಿಂಟಲ್ ಮಟ್ಟಕ್ಕೆ, ಅಂದ್ರೆ ಬಾಗಿಲು ಕಿಟಕಿ ಮೇಲಿನ ಅಡ್ಡ ತೊಲೆವರೆಗೆ ಬಂದಿದೆ, ಇನ್ನು ಸ್ವಲ್ಪ ದಿನಕ್ಕೆ ಮೋಲ್ಡ್, ಅಂದ್ರೆ ಚಾವಣಿ ಕಾಂಕ್ರೀಟ್ ಸ್ಲ್ಯಾಬ್ ಹಾಕ್ತಾರೆ. ಕೆಲಸ ಚೆನ್ನಾಗೇ ನಡೀತಿದೆ, ತಲೆನೋವು ಇರೋದು ನಾವು ಈಗಿರೋ ಬಾಡಿಗೆ ಮನೆಯೊಳಗೆ. ನಮ್ಮನೆಯವರು ಬೆಳಿಗ್ಗೆ ಎದ್ದು ಗೋಡೆಗೆ ನೀರು ಹೊಡೆಯೋಕೆ ಸೈಟಿಗೆ ಹೋಗ್ತಾರೆ, ಅಲ್ಲಿಂದ ಹಾಗೇ ಆಫೀಸಿಗೆ, ಸಾಯಂಕಾಲ ಮತ್ತೆ ಸೈಟು, ಮನೆಗೆ ಬರೋ ಹೊತ್ತಿಗೆ ಮಕ್ಕಳು ಮಲಗಿರ್ತಾರೆ. ನಾನೂ ಕೆಲಸಕ್ಕೆ ಹೋಗ್ತೀನಿ. ಭಾನುವಾರ ಬಂದ್ರೆ ಟೈಲ್ಸ್ ನೋಡೋದು, ಬಾಗಿಲು ನೋಡೋದು. ಮಾತಾಡೋಕೆ ಕೂತ್ರೆ ಅದು ಜಗಳದಲ್ಲೇ ಮುಗಿಯುತ್ತೆ. ಅತ್ತೆಗೆ ಮಂಡಿನೋವು, ಅವರಿಗೆ ಕೆಳಗಡೆ ರೂಮು ಅಂತ ಪ್ಲಾನಲ್ಲೇ ಇತ್ತು, ಈಗ ಭಾವ ಬಂದು ನೋಡಿ ಆ ರೂಮನ್ನ ಹಾಲ್‌ಗೆ ಸೇರಿಸಿಬಿಡಿ, ಅಮ್ಮನಿಗೆ ಮೇಲೆ ಮಾಡಿ, ಹಾಲು ದೊಡ್ಡದಾಗುತ್ತೆ ಅಂದ್ರು, ಅವತ್ತಿಂದ ಅತ್ತೆ ಮನೆ ಬಗ್ಗೆ ಬಾಯೇ ಬಿಡ್ತಿಲ್ಲ. ಅಡುಗೆಮನೆ ಕಟ್ಟೆ ಎತ್ತರ ನಾನೊಂದು ಹೇಳಿದ್ರೆ ಇವರೊಂದು ಹೇಳಿದಾರೆ, ಮೇಸ್ತ್ರಿ ಇಬ್ಬರ ಮುಖ ನೋಡ್ತಾರೆ. ದೊಡ್ಡ ಮಗಳು ಮೊನ್ನೆ ನಂಗೆ ಹೊಸ ಮನೆ ಬೇಡ ಅಂದ್ಬಿಟ್ಳು. ಅದು ತುಂಬ ಚುಚ್ತು. ಮನೆ ಕಟ್ಟಿ ಮುಗಿಸಿರೋರು ದಯವಿಟ್ಟು ಹೇಳಿ, ಈ ದಿನಗಳನ್ನ ಹೇಗೆ ದಾಟಿದ್ರಿ?

ಸೈಟ್_ಎಂಜಿನಿಯರ್:
ಮೇಡಂ, ನಾನು ಈ ಕೆಲಸದಲ್ಲೇ ಇರೋದು, ಎಷ್ಟೋ ಮನೆಗಳಲ್ಲಿ ಇದೇ ನೋಡಿದೀನಿ. ಜಗಳ ಜಾಸ್ತಿ ಆಗೋದು ಎಲ್ಲಾ ವಿಷಯಾನೂ ಒಂದೇ ಸಲ ತಲೆ ಮೇಲೆ ಹಾಕ್ಕೊಳ್ಳೋದ್ರಿಂದ. ಟೈಲ್ಸ್ ಬಣ್ಣ, ಪೇಂಟು, ಬಾಗಿಲ ಡಿಸೈನು ಇವತ್ತು ಬೇಕಾಗೇ ಇಲ್ಲ, ಪ್ಲಾಸ್ಟರಿಂಗ್ ನಡೀವಾಗ ನೋಡ್ಕೊಂಡ್ರೂ ಟೈಮ್ ಇರುತ್ತೆ. ಆದ್ರೆ ಮೋಲ್ಡ್ ಹಾಕೋ ಮುಂಚೆ ಆಗಲೇಬೇಕಾದ ತೀರ್ಮಾನ ಕೆಲವು ಇವೆ. ಮೇಲಿನ ಬಾತ್‌ರೂಮ್ ಎಲ್ಲಿ ಬರುತ್ತೆ ಅನ್ನೋದು, ಯಾಕಂದ್ರೆ ಅಲ್ಲಿ ಸ್ಲ್ಯಾಬ್ ತಗ್ಗಿಸಿ ಹಾಕ್ಬೇಕು. ಮೆಟ್ಟಿಲು. ಸೀಲಿಂಗಲ್ಲಿ ಫ್ಯಾನು, ಲೈಟು ಎಲ್ಲೆಲ್ಲಿ, ಅದರ ಪೈಪು ಮತ್ತೆ ಬಾಕ್ಸು ಕಂಬಿ ಜೊತೆನೇ ಕೂರ್ಬೇಕು, ಆಮೇಲೆ ಸ್ಲ್ಯಾಬ್ ಒಡೆಯೋದು ಒಳ್ಳೇದಲ್ಲ. ಅತ್ತೆಯವರ ರೂಮಿನ ವಿಷಯ ಇದಕ್ಕೇ ಸೇರಿದ್ದು. ಆ ಗೋಡೆ ತೆಗೀತೀವಿ ಅಂದ್ರೆ ಬೀಮ್ ಲೆಕ್ಕಾನೇ ಬದಲಾಗಬಹುದು, ಡಿಸೈನ್ ಮಾಡಿದವರನ್ನ ಕೇಳದೆ ಮುಟ್ಟಬೇಡಿ. ಗೋಡೆ ಮೇಲಿನ ಸ್ವಿಚ್ಚು, ಪ್ಲಗ್ಗು, ಸಿಂಕಿನ ನಲ್ಲಿ ಇವಕ್ಕೆಲ್ಲ ಪ್ಲಾಸ್ಟರಿಂಗ್ ಶುರು ಆಗೋವರೆಗೆ ಅವಕಾಶ ಇದೆ. ಪ್ಲಾಸ್ಟರ್ ಮಾಡೋ ಮುಂಚೆ ಪ್ರತಿ ಗೋಡೆದೂ ಟೇಪ್ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಅಂತ ಗೊತ್ತಾಗುತ್ತೆ.

ಇನ್ನೊಂದು, ಮೋಲ್ಡ್ ಹಾಕಿದ್ಮೇಲೆ ಸಾದಾ ಸಿಮೆಂಟ್ ಆದ್ರೆ ಕಮ್ಮಿ ಅಂದ್ರೂ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಥರದ್ದಾದ್ರೆ 10 ದಿನ ಸ್ಲ್ಯಾಬ್ ಮೇಲೆ ನೀರು ನಿಂತಿರೋ ಹಾಗೆ ನೋಡ್ಕೋಬೇಕು, 14 ಆದ್ರೆ ಇನ್ನೂ ಒಳ್ಳೇದು. 4.5 ಮೀಟರ್‌ಗಿಂತ ಅಗಲ ಇರೋ ಸ್ಲ್ಯಾಬ್‌ಗೆ ಕೆಳಗಿನ ಆಧಾರ 14 ದಿನ ತೆಗೀಬಾರದು, 6 ಮೀಟರ್‌ಗಿಂತ ಉದ್ದದ ಬೀಮ್‌ಗೆ 21 ದಿನ. ಆ ದಿನಗಳಲ್ಲಿ ಕೆಳಗಡೆ ಒಳಗಿನ ಕೆಲಸ ಹೆಚ್ಚುಕಮ್ಮಿ ನಿಂತಿರುತ್ತೆ, ನೀರು ನೋಡ್ಕೊಳ್ಳೋಕೆ ಯಾರಿಗಾದ್ರೂ ಹೇಳಿ, ನಿಮ್ಮನೆಯವರನ್ನ ಮಕ್ಕಳ ಜೊತೆ ಬಿಡಿ. ಆಧಾರ ಬೇಗ ತೆಗೆಸಿ ಕೆಲಸ ಓಡಿಸೋಣ ಅಂತ ಮಾತ್ರ ಯಾರೂ ಅವಸರ ಮಾಡ್ಬೇಡಿ.

ಎರಡು_ಮಕ್ಕಳ_ತಾಯಿ:
ಅಕ್ಕ ನಿಮ್ಮ ಮಗಳ ಮಾತು ಓದಿ ನಮ್ಮನೆ ನೆನಪಾಯ್ತು. ನನ್ ಮಗನೂ ಅಷ್ಟೆ, ಅವನಿಗೆ ಮನೆ ಅಂದ್ರೆ ಅಪ್ಪನ್ನ ಕಿತ್ಕೊಂಡಿರೋ ಜಾಗ ಅಂತಾನೇ ಆಗಿತ್ತು. ನಾವು ಅವನ ರೂಮಲ್ಲಿ ಓದೋ ಟೇಬಲ್ ಯಾವ ಗೋಡೆಗೆ, ಲೈಟು ಎಲ್ಲಿ ಅಂತ ಅವನ ಕೈಲೇ ಚಾಕ್‌ಪೀಸಲ್ಲಿ ಗುರುತು ಹಾಕಿಸಿದ್ವಿ, ಎಲೆಕ್ಟ್ರಿಷಿಯನ್ ಅಣ್ಣ ಅವನನ್ನೇ ಕೇಳಿ ಬಾಕ್ಸ್ ಕೂರಿಸಿದ್ರು, ಅವತ್ತಿಂದ ಅವನಿಗೂ ಅದು ತನ್ನ ಮನೆ ಅನ್ನಿಸ್ತು. ಆದ್ರೆ ಮಕ್ಕಳನ್ನ ಸೈಟಿಗೆ ಕರ್ಕೊಂಡು ಹೋದ್ರೆ ಕೈ ಬಿಡಬೇಡಿ, ನಾನು ಇದನ್ನ ಎಲ್ರಿಗೂ ಹೇಳ್ತೀನಿ. ಮುಚ್ಚದೇ ಇರೋ ಸಂಪು, ರೇಲಿಂಗ್ ಇಲ್ಲದ ಮೆಟ್ಟಿಲು, ಸೆಂಟ್ರಿಂಗ್ ಹಲಗೇಲಿ ಎದ್ದಿರೋ ಮೊಳೆ, ಎಲ್ಲಾ ಅಲ್ಲೇ ಇರುತ್ತೆ. ಹಸಿ ಸಿಮೆಂಟು ಚರ್ಮ ಸುಡುತ್ತೆ, ಮಕ್ಕಳು ಮರಳು ಅಂದ್ಕೊಂಡು ಕೈ ಹಾಕ್ತಾರೆ, ತಕ್ಷಣ ಜಾಸ್ತಿ ನೀರಲ್ಲಿ ತೊಳೀಬೇಕು. ಸಂಪಿಗೆ ಇವತ್ತೇ ಗಟ್ಟಿ ಮುಚ್ಚಳ ಹಾಕ್ಸಿ, ನಾಳೆ ಅನ್ಬೇಡಿ.

ಬಾಡಿಗೆ_ಜೊತೆ_ಬಡ್ಡಿ:
ಅರ್ಧ ಜಗಳ ದುಡ್ಡಿಂದು ಅನ್ನೋದನ್ನ ಯಾರೂ ಹೇಳ್ಲಿಲ್ಲ. ಬ್ಯಾಂಕು ಹಂತ ಹಂತವಾಗಿ ಸಾಲ ಬಿಡುಗಡೆ ಮಾಡ್ತಾ ಹೋಗುತ್ತೆ, ಬಿಟ್ಟಷ್ಟಕ್ಕೆ ಬಡ್ಡಿ ಶುರು, ಜೊತೆಗೆ ಈಗಿರೋ ಮನೆ ಬಾಡಿಗೆನೂ ಕಟ್ತಿರ್ತೀವಿ, ಅದ್ರಲ್ಲಿ ಯಾರೋ ಬಂದು ಇದೊಂದು ಸೇರಿಸಿ ಅಂದ್ರೆ ಮೈ ಉರಿಯುತ್ತೆ. ನಾವು ಮಾಡಿದ್ದು ಇಷ್ಟೇ, ಹೊಸದಾಗಿ ಏನು ಸೇರಿಸ್ಬೇಕು ಅಂದ್ರೂ ಮೇಸ್ತ್ರಿ ಹತ್ರ ರೇಟು ಬರೆಸ್ಕೊಂಡು ಗಂಡ ಹೆಂಡತಿ ಇಬ್ರೂ ಸೈನ್ ಹಾಕಿದ್ಮೇಲೇ ಕೆಲಸ. ಮೇಸ್ತ್ರಿ ಜೊತೆ ಮಾತಾಡೋದು ಒಬ್ರೇ. ಬೇರೆಯವರು ಏನಿದ್ರೂ ಮನೇಲಿ ಹೇಳ್ಬೇಕು, ಸೈಟಲ್ಲಿ ಅಲ್ಲ. ನಿಮ್ಮ ಭಾವನವರಿಗೂ ಇದನ್ನ ಮರ್ಯಾದೆಯಿಂದಲೇ ಹೇಳಬಹುದು.

ಹಳೇ_ಮನೆ_ಬಿಟ್ಟೋಳು:
ಒಬ್ರೇ ಮಾತಾಡ್ಬೇಕು ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ನಮ್ಮಲ್ಲಿ ಆ ಒಬ್ರು ನಮ್ಮನೆಯವರೇ ಆಗಿದ್ರು, ಅಡುಗೆಮನೇಲಿ ದಿನಾ ನಿಲ್ಲೋಳು ನಾನು, ಬಟ್ಟೆ ಒಗೆಯೋ ಜಾಗಕ್ಕೆ ನಲ್ಲಿನೇ ಇಡಿಸಿರ್ಲಿಲ್ಲ. ಯಾರು ಆ ಜಾಗ ಜಾಸ್ತಿ ಬಳಸ್ತಾರೋ ಅಲ್ಲಿ ಅವರ ಮಾತೇ ಕೊನೆ ಅಂತ ಇಟ್ಕೊಳ್ಳಿ. ಕಟ್ಟೆ ಎತ್ತರಕ್ಕೆ ಜಗಳ ಬೇಡ, ಅಡುಗೆ ಮಾಡೋರು ನೇರ ನಿಂತು ಮೊಣಕೈ ಮಡಚಿ, ಮೊಣಕೈಯಿಂದ 4ರಿಂದ 6 ಇಂಚು ಕೆಳಗೆ ಕಟ್ಟೆ ಬಂದ್ರೆ ಬೆನ್ನು ಭುಜ ಎರಡಕ್ಕೂ ಆರಾಮ. ಅತ್ತೆಯವರದ್ದೂ ಇದೇ ಲೆಕ್ಕ. ಮಂಡಿನೋವಿರೋರನ್ನ ಮೆಟ್ಟಿಲು ಹತ್ತಿಸಿ ಹಾಲ್ ದೊಡ್ಡದು ಮಾಡಿ ಏನ್ ಮಾಡ್ತೀರಾ, ನೆಂಟರು ಬಂದು ಹೋಗ್ತಾರೆ, ಅವರು ದಿನಾ ಇರೋರು. ಅವರ ಮನಸ್ಸಿಗೆ ಎಷ್ಟು ನೋವಾಗಿದ್ರೆ ಮಾತು ಬಿಟ್ಟಿರ್ತಾರೆ ಯೋಚನೆ ಮಾಡಿ. ಅವರ ಬಾತ್‌ರೂಮ್ ಬಾಗಿಲು ಹೊರಗಡೆ ತೆಗೆಯೋ ಹಾಗೆ ಇಡ್ಸಿ, ಒಳಗೆ ಬಿದ್ರೆ ಬಾಗಿಲಿಗೆ ಅಡ್ಡ ಆಗಲ್ಲ. ಹೊಸ್ತಿಲು ಎತ್ತರ ಬೇಡ, ಹಿಡ್ಕೊಳ್ಳೋಕೆ ಗೋಡೆಗೆ ಗಟ್ಟಿ ಕಂಬಿ ಬೇಕು.

ಲಿಂಟಲ್‌ವರೆಗೆ_ಬಂದ್ವಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇದನ್ನ ನಮ್ಮನೆಯವರಿಗೆ ಓದಿ ಹೇಳ್ದೆ, ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ತಾವೇ ಅತ್ತೆ ಹತ್ರ ಹೋಗಿ ಅಮ್ಮ ನಿನ್ ರೂಮ್ ಕೆಳಗೇ ಇರುತ್ತೆ, ಕಿಟಕಿ ಯಾವ ಕಡೆ ಮಂಚ ಯಾವ ಕಡೆ ನೀನೇ ಹೇಳು ಅಂದ್ರು. ಅತ್ತೆ ಮಾತಾಡಿದ್ರು. ಸಂಪಿಗೆ ಮುಚ್ಚಳ ಹಾಕ್ಸಿದ್ವಿ. ಎಂಜಿನಿಯರ್ ಸರ್, ಒಂದೇ ಒಂದು ಪ್ರಶ್ನೆ, ಬಾತ್‌ರೂಮಿನ ಕಂಬಿಗೆ ಗೋಡೆ ಕಟ್ಟುವಾಗಲೇ ಏನಾದ್ರೂ ಮಾಡ್ಬೇಕಾ, ಟೈಲ್ಸ್ ಆದ್ಮೇಲೆ ಕೂರಿಸಿದ್ರೆ ಸಾಕಾ?

ಸೈಟ್_ಎಂಜಿನಿಯರ್:
ಕೂರಿಸೋದು ಟೈಲ್ಸ್ ಆದ್ಮೇಲೇನೇ ಮೇಡಂ, ಆದ್ರೆ ಜಾಗ ಈಗಲೇ ಗುರುತು ಮಾಡಿ. ಟೊಳ್ಳು ಬ್ಲಾಕ್ ಗೋಡೆ ಆದ್ರೆ ಆ ಜಾಗದಲ್ಲಿ ಕಾಂಕ್ರೀಟ್ ತುಂಬಿಸ್ಬೇಕು, ಇಲ್ಲಾಂದ್ರೆ ಬೋಲ್ಟ್ ಹಿಡಿಯಲ್ಲ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ನೀರಿನ ಪೈಪು ಆ ಜಾಗದಲ್ಲಿ ಹೋಗದ ಹಾಗೆ ಪ್ಲಂಬರ್‌ಗೂ ಹೇಳಿಡಿ. ಎತ್ತರ ಮಾತ್ರ ನಾವು ಹೇಳೋದಕ್ಕಿಂತ ಅವರನ್ನೇ ಒಂದು ಕುರ್ಚಿ ಮೇಲೆ ಕೂರಿಸಿ, ಎದ್ದೇಳುವಾಗ ಕೈ ಎಲ್ಲಿಗೆ ಬರುತ್ತೆ ನೋಡಿ ಬರ್ಕೊಳ್ಳಿ.