ಕೋಡಿ: ಕೆರೆಯದೋ, ಕಡಲದೋ?

ನಾನು ಕೊಪ್ಪಳದವನು. ನಮ್ಮ ಕಡೆ ಕೋಡಿ ಅಂದರೆ ಕೆರೆಯದೇ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ ಅದು. ಮಳೆ ಚೆನ್ನಾಗಿ ಬಂದ ವರ್ಷ ‘ಕೆರಿ ಕೋಡಿ ಬಿತ್ತಂತ’ ಎಂಬ ಸುದ್ದಿ ಬಂದರೆ ಸಾಕು, ಊರಿಗೆ ಊರೇ ನೋಡಲು ಹೊರಡುತ್ತದೆ.

ಮೊನ್ನೆ ಕರಾವಳಿಯ ಗೆಳೆಯನೊಬ್ಬ ಫೋನಿನಲ್ಲಿ, ‘ಸಂಜೆ ಕೋಡಿಗೆ ಹೋಗಿದ್ದೆವು, ಅಲೆ ಜಾಸ್ತಿ ಇತ್ತು’ ಅಂದ. ಕೆರೆ ಕೋಡಿಗೆ ಎಲ್ಲಿಯ ಅಲೆಯೋ ಅಂದೆ. ಅವನಿಗೆ ನಗು ತಡೆಯಲಿಲ್ಲ. ಅವನು ಹೇಳಿದ್ದು ಕುಂದಾಪುರದ ಕೋಡಿ. ಐದು ಹೊಳೆಗಳು ಕೂಡುವ ಪಂಚಗಂಗಾವಳಿ ಅಲ್ಲೇ ಕಡಲು ಸೇರುತ್ತದೆ. ಅಳಿವೆಯ ಒಂದು ಬದಿ ಗಂಗೊಳ್ಳಿ, ಇನ್ನೊಂದು ಬದಿ ಕೋಡಿ. ಉಡುಪಿಯ ಹತ್ತಿರ ಕೋಡಿ ಬೆಂಗ್ರೆ ಅಂತ ಇನ್ನೊಂದಿದೆ. ಸೀತಾ, ಸುವರ್ಣಾ ನದಿಗಳ ಅಳಿವೆಯ ಪಕ್ಕದಲ್ಲಿ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಈ ಕಡೆ ಹೊಳೆ, ಆ ಕಡೆ ಕಡಲು, ನಡುವೆ ಮನೆಗಳು.

ಇಂಥ ನೆಲ ಹುಟ್ಟುವ ಬಗೆ ನಮಗೂ ಅರ್ಥವಾಗುವಂಥದ್ದೇ. ಹೊಳೆ ಮರಳು ಹೊತ್ತು ತರುತ್ತದೆ, ಕಡಲಿನ ಬಾಯಲ್ಲಿ ಅದರ ರಭಸ ಇಳಿಯುತ್ತದೆ, ಮರಳು ಅಲ್ಲೇ ಕೂರುತ್ತದೆ. ಅಲೆಗಳು ಅದನ್ನು ದಂಡೆಯುದ್ದಕ್ಕೂ ತಳ್ಳುತ್ತಾ ಹೋಗುತ್ತವೆ. ಕೊನೆಗೆ ಹೊಳೆಯ ಬಾಯಿಗೇ ಅಡ್ಡವಾಗಿ ಒಂದು ನಾಲಿಗೆ ಬೆಳೆಯುತ್ತದೆ. ಸುತ್ತ ನೀರಿನ ಆಳ ಕಡಿಮೆಯಾಗುತ್ತದೆ. ದೋಣಿಯವರಿಗೆ ಅದೇ ತಲೆನೋವು.

ಭೂಗೋಳದ ಪಾಠಗಳಲ್ಲಿ ಇಂಥದ್ದಕ್ಕೆ ಸುಮ್ನೆ ‘ಮರಳಿನ ದಿಬ್ಬ’ ಅಂತ ಬರೆದುಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ದಿಬ್ಬ ಅಂದರೆ ನಮ್ಮವರು ಹತ್ತುವ ಜಾಗ. ಮೊಣಕಾಲುದ್ದದ ನೀರಿನಲ್ಲಿ ಮಲಗಿರುವ ಮರಳನ್ನು ಹತ್ತುವುದೇನು? ಗಡ್ಡಿ ಅನ್ನೋಣವೆಂದರೆ ಅದೂ ಹೊಂದುವುದಿಲ್ಲ. ಗಂಗಾವತಿ ಕಡೆಯ ವಿರುಪಾಪುರ ಗಡ್ಡಿಯಾಗಲಿ, ಆನೆಗುಂದಿಯ ನವವೃಂದಾವನ ಗಡ್ಡಿಯಾಗಲಿ, ಸುತ್ತಲೂ ತುಂಗಭದ್ರೆ ಇರುವ ಗಟ್ಟಿ ಬಂಡೆಯ ನೆಲ. ಕರಾವಳಿಯವರು ಹೊಳೆಯ ನಡುಗಡ್ಡೆಗೆ ಅನ್ನುವ ಕುದ್ರು ಈ ಗಡ್ಡಿಗೆ ನೆಂಟ. ರಾಯಚೂರಿನಲ್ಲಿ ಕೃಷ್ಣೆಯ ನಡುವೆ ಕುರ್ವಕಲಾ, ಕುರ್ವಕುರ್ದಾ ಅಂತ ಎರಡು ಊರಿವೆ. ಕುರುವ ಅಂದರೆ ಹೊಳೆಯ ನಡುಗಡ್ಡೆ, ಕಲಾ ದೊಡ್ಡದು, ಖುರ್ದ್ ಚಿಕ್ಕದು. ಕನ್ನಡದ ಬೆನ್ನಿಗೆ ಪಾರಸಿ ಕೂತಿದೆ, ನೋಡಿ! ಇರಲಿ, ಕೋಡಿಗೆ ಬರೋಣ.

ಎರಡು ಕೋಡಿಗಳೂ ಬೇರೆ ಬೇರೆ ಪದ ಅಂತ ಮೊದಲು ಅಂದುಕೊಂಡಿದ್ದೆ. ಈಗ ಅನುಮಾನ. ಕೆರೆಯ ಕೋಡಿ ಸಾಮಾನ್ಯವಾಗಿ ಎಲ್ಲಿರುತ್ತದೆ? ಏರಿ ಮುಗಿಯುವಲ್ಲಿ, ಒಂದು ತುದಿಯಲ್ಲಿ. ಕುಂದಾಪುರದ ಕೋಡಿಯೂ ನೆಲ ಮುಗಿಯುವ ತುದಿಯೇ. ರಾಮೇಶ್ವರದ ಧನುಷ್ಕೋಡಿಯೂ ಎರಡು ಕಡೆ ಕಡಲಿರುವ ಮರಳಿನ ನಾಲಿಗೆ, 1964ರ ಚಂಡಮಾರುತಕ್ಕೆ ಊರೇ ಹಾಳಾಯಿತು. ಆ ಹೆಸರಿಗೂ ಬಿಲ್ಲಿನ ತುದಿ ಎಂದೇ ಅರ್ಥ. ಹಾಗಾದರೆ ಮೂಲ ಅರ್ಥ ‘ತುದಿ’ ಇರಬೇಕು, ನೀರು ಹರಿಯುವುದು ಆಮೇಲೆ ಸೇರಿಕೊಂಡಿರಬೇಕು. ‘ಕಣ್ಣೀರ ಕೋಡಿ’ ಅನ್ನುವಾಗ ತುದಿಯ ನೆನಪು ಯಾರಿಗೂ ಉಳಿದಿಲ್ಲ, ಅಲ್ವಾ?

ಒಂದು ತೊಡಕಿದೆ. ಸಂಸ್ಕೃತದ ‘ಕೋಟಿ’ಗೂ ತುದಿ ಎಂಬ ಅರ್ಥವಿದೆ, ನಮ್ಮ ‘ಕೋಡು’ ಕೂಡ ಮೊನಚಾದ ತುದಿಯೇ. ಕೋಡಿ ಯಾರ ಮನೆಯ ಕೂಸು? ನನ್ನ ಒಲವು ಕೋಡಿನ ಕಡೆಗೆ.

ಕರಾವಳಿಯವರಿಗೆ ಇನ್ನೊಂದು ಕೇಳುವುದಿದೆ. ಇಳಿತದಲ್ಲಿ ಮಾತ್ರ ತಲೆ ತೋರಿಸಿ ಭರತ ಬಂದಾಗ ಮುಳುಗುವ ಮರಳಿಗೂ ನೀವು ಕೋಡಿ ಅನ್ನುತ್ತೀರಾ? ಅಥವಾ ಮನೆ ಕಟ್ಟುವಷ್ಟು ಗಟ್ಟಿಯಾದ ಮೇಲೇ ಆ ಹೆಸರಾ? ದೋಣಿಯವರು ಆಡುವ ಮಾತು ಬೇರೆ ಇದ್ದರೆ ಅದನ್ನೇ ಹೇಳಿ.